ಓದು ಕೊಟ್ಟರು, ಬಿಡುಗಡೆ ಕೊಟ್ಟರಾ? 1600–1800ರ ಯುರೋಪಿನ ತತ್ವಚಿಂತನೆಯಲ್ಲಿ ಹೆಂಗಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ತತ್ವಶಾಸ್ತ್ರದ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ: "ಆಗ ಹೆಂಗಸರು ಯಾರೂ ಯೋಚನೆ ಮಾಡ್ತಾ ಇರ್ಲಿಲ್ವಾ?" ಆ ಪ್ರಶ್ನೆ ಒಂದರ ಹಿಂದೆ ಒಂದು ಬೇರೆ ಪ್ರಶ್ನೆಗಳನ್ನು ಎಳೆದುಕೊಂಡು ಬರುತ್ತದೆ. ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಜಗಳಕ್ಕೆ ಬರುವಂಥವು.

## ಮೊದಲು ತಿಳಿಯಬೇಕಾದದ್ದು

ಯಾವ ಕಾಲ, ಯಾವ ದೇಶದ ಮಾತು ಇದು?

ಸುಮಾರು 1600ರಿಂದ 1800ರವರೆಗೆ. ಫ್ರಾನ್ಸ್, ಹಾಲೆಂಡ್, ಇಂಗ್ಲೆಂಡ್, ವೆನಿಸ್, ಜೊತೆಗೆ ಆಗ ಸ್ಪೇನಿನ ಕೈಯಲ್ಲಿದ್ದ ಮೆಕ್ಸಿಕೊ. ಡೆಕಾರ್ಟ್, ಲಾಕ್, ರೂಸೋ ಅನ್ನುವ ದೊಡ್ಡ ತತ್ವಜ್ಞಾನಿಗಳು ಬರೆದ ಕಾಲ.

ಆಗ ಹೆಣ್ಣುಮಕ್ಕಳಿಗೆ ಓದೋಕೇ ಬರ್ತಾ ಇರ್ಲಿಲ್ವಾ?

ಉಳ್ಳವರ ಮನೆಯ ಹೆಣ್ಣುಮಕ್ಕಳು ಓದುತ್ತಿದ್ದರು. ತಾಯ್ನುಡಿಯಲ್ಲಿ ಪ್ರಾರ್ಥನೆ ಪುಸ್ತಕ, ಕಥೆ, ಮನೆಯ ಲೆಕ್ಕ, ಸ್ವಲ್ಪ ಸಂಗೀತ, ಸ್ವಲ್ಪ ಕಸೂತಿ. ಬೀಗ ಹಾಕಿದ್ದ ಬಾಗಿಲು ಬೇರೆ: ಲ್ಯಾಟಿನ್. ವಿಶ್ವವಿದ್ಯಾಲಯದ ಪಾಠ, ವೈದ್ಯ, ಕಾನೂನು, ದೇವತಾಶಾಸ್ತ್ರ ಎಲ್ಲ ಲ್ಯಾಟಿನ್‌ನಲ್ಲಿ. ಗಂಡುಮಕ್ಕಳಿಗೆ ಅದನ್ನು ಶಾಲೆಯಲ್ಲಿ ಕಲಿಸುತ್ತಿದ್ದರು, ಹೆಣ್ಣುಮಕ್ಕಳಿಗೆ ಇಲ್ಲ.

ಹಾಗಾಗಿ ಕಲಿತವರು ಕದ್ದು ಕಲಿತರು, ಇಲ್ಲವೇ ಅದೃಷ್ಟದಿಂದ ಕಲಿತರು. ಫ್ರಾನ್ಸಿನ ಮಾರಿ ದ ಗುರ್ನೇ ಫ್ರೆಂಚ್ ಅನುವಾದವನ್ನೂ ಲ್ಯಾಟಿನ್ ಮೂಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಬ್ಬಳೇ ಕಲಿತಳು. 1678ರಲ್ಲಿ ಪಾದುವಾ ವಿಶ್ವವಿದ್ಯಾಲಯ ಎಲೆನಾ ಕೊರ್ನಾರೊ ಪಿಸ್ಕೋಪಿಯಾಗೆ ತತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಕೊಟ್ಟಿತು. ಅವಳಿಗಾಗಿ ಮೊದಲು ಕೇಳಿದ್ದು ದೇವತಾಶಾಸ್ತ್ರದ ಪದವಿ. ಹೆಂಗಸಿಗೆ ಅದು ಸಲ್ಲದು ಎಂದು ಅಲ್ಲಿನ ಬಿಷಪ್ ಅಡ್ಡ ನಿಂತ. ಬೊಲೊನ್ಯಾದಲ್ಲಿ ಲೌರಾ ಬಾಸ್ಸಿ ಪದವಿ ಪಡೆದದ್ದು 1732ರಲ್ಲಿ, ಅಂದರೆ 54 ವರ್ಷ ಕಳೆದ ಮೇಲೆ.

ಪರದೆ ಹಿಂದೆ ಕೂತು ಪಾಠ ಕೇಳಿದ ಹುಡುಗಿ ಯಾರು?

ಹುಡುಗಿ ಏನಲ್ಲ, ಆಗಲೇ ಮೂವತ್ತರ ಹತ್ತಿರ. ಹೆಸರು ಆನಾ ಮರಿಯಾ ಫಾನ್ ಸ್ಖೂರ್ಮನ್, ಊರು ಹಾಲೆಂಡಿನ ಉಟ್ರೆಕ್ಟ್. 1636ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಶುರುವಾದಾಗ, ಊರಿನಲ್ಲೇ ಚೆನ್ನಾಗಿ ಲ್ಯಾಟಿನ್ ಬಲ್ಲವಳು ಎಂದು ಉದ್ಘಾಟನೆಗೆ ಅವಳ ಕೈಯಲ್ಲೇ ಪದ್ಯ ಬರೆಸಿದರು. ಆಕೆ ಬರೆದುಕೊಟ್ಟಳು. ಈ ಮಂದಿರದ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ ಅನ್ನುವ ದೂರನ್ನೂ ಅದೇ ಪದ್ಯದೊಳಗೆ ಸೇರಿಸಿಬಿಟ್ಟಳು. ಮಂಗಳಕ್ಕೆ ಕರೆದವರ ಮುಖ ಹೇಗಿದ್ದಿರಬೇಕು!

ಆಮೇಲೆ ಪ್ರೊಫೆಸರ್ ವೂಟಿಯಸ್ ಒತ್ತಾಸೆಯಿಂದ ಪಾಠ ಕೇಳಲು ಬಿಟ್ಟರು. ಆದರೆ ಗಂಡು ವಿದ್ಯಾರ್ಥಿಗಳ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂರಬೇಕು. ಹೀಬ್ರೂ, ಅರಬ್ಬಿ, ಸಿರಿಯಾಕ್ ಕಲಿತಳು, ಇಥಿಯೋಪಿಯಾದ ಭಾಷೆಗೆ ವ್ಯಾಕರಣವನ್ನೂ ಬರೆದಳು. ಈ ಎರಡು ಶತಮಾನದ ಕಥೆಯನ್ನು ನಾನು ನೆನಪಿಟ್ಟುಕೊಳ್ಳುವುದು ಆ ಪರದೆಯಿಂದಲೇ. ಕಲಿ, ಆದರೆ ಕಾಣಿಸಿಕೊಳ್ಳಬೇಡ. ಓದು ಕೊಡುವುದಕ್ಕೆ ಒಪ್ಪಿದವರು ಜಾಸ್ತಿ ಜನ ಇದ್ದರು. ಓದಿದವಳು ಆಮೇಲೆ ಎದ್ದು ಎಲ್ಲಿಗೆ ಹೋಗುತ್ತಾಳೆ ಅನ್ನುವಲ್ಲಿಗೆ ಅವರ ಒಪ್ಪಿಗೆ ನಿಂತುಬಿಡುತ್ತಿತ್ತು.

## ವಾದ, ಎದುರುವಾದ

ಡೆಕಾರ್ಟ್‌ಗೂ ಹೆಂಗಸರ ಓದಿಗೂ ಏನು ಸಂಬಂಧ?

ಎರಡು ಎಳೆ. ಒಂದು ಭಾಷೆಯದು. 1637ರ ತನ್ನ ಪುಸ್ತಕವನ್ನು ಆತ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿ ಬರೆದ. ಹೆಂಗಸರಿಗೂ ಒಂದಿಷ್ಟು ಅರ್ಥವಾಗಲಿ ಅನ್ನುವುದು ತನ್ನ ಮನಸ್ಸಿನಲ್ಲಿತ್ತು ಎಂದು ಮರುವರ್ಷ ಒಂದು ಪತ್ರದಲ್ಲಿ ಹೇಳಿಕೊಂಡ. ಸರಿ ತಪ್ಪು ತಿಳಿಯುವ ಬುದ್ಧಿ ಎಲ್ಲರಿಗೂ ಸಮನಾಗಿದೆ, ಅದನ್ನು ಬಳಸುವ ದಾರಿ ಗೊತ್ತಿರಬೇಕು ಅಷ್ಟೇ ಅನ್ನುವುದು ಅಲ್ಲಿನ ಮಾತು. ಹತ್ತು ವರ್ಷ ಲ್ಯಾಟಿನ್ ಓದದವಳಿಗೆ ಇದು ಎಷ್ಟು ದೊಡ್ಡ ಭರವಸೆ ನೋಡಿ.

ಇನ್ನೊಂದು, ಮನಸ್ಸು ಬೇರೆ ದೇಹ ಬೇರೆ ಅನ್ನುವ ಆತನ ವಾದ. ಡೆಕಾರ್ಟ್ ಅದನ್ನು ಹೆಂಗಸರ ವಿಷಯಕ್ಕೆ ತರಲಿಲ್ಲ. ತಂದವನು ಫ್ರಾನ್ಸಿನ ಪೂಲ್ಯಾಂ ದ ಲಾ ಬಾರ್, 1673ರಲ್ಲಿ. ಬುದ್ಧಿಗೆ ಗಂಡು ಹೆಣ್ಣೆಂಬುದಿಲ್ಲ ಎಂದು ಬರೆದ. ಹೆಂಗಸರ ಬಗ್ಗೆ ಗಂಡಸರು ಬರೆದದ್ದನ್ನೆಲ್ಲ ಅನುಮಾನದಿಂದಲೇ ನೋಡಬೇಕು, ಯಾಕೆಂದರೆ ಈ ಮೊಕದ್ದಮೆಯಲ್ಲಿ ಕಕ್ಷಿದಾರರೂ ಅವರೇ, ತೀರ್ಪು ಕೊಡುವವರೂ ಅವರೇ ಎಂದ. ಹೆಂಗಸರು ಪ್ರೊಫೆಸರ್, ನ್ಯಾಯಾಧೀಶೆ, ಸೇನಾಪತಿ ಆಗುವುದನ್ನೂ ಕಲ್ಪಿಸಿಕೊಂಡ. ವಿಚಿತ್ರ ಅನ್ನಿಸುವುದು ರೂಢಿಯಿಲ್ಲದ್ದಕ್ಕೆ, ಬೇರೆ ಕಾರಣಕ್ಕಲ್ಲ ಅನ್ನುವುದು ಆತನ ವಾದ. ಈ ಸಾಲಿನ ಗಂಡಸರಲ್ಲಿ ನನಗೆ ತುಂಬಾ ಇಷ್ಟವಾದವನು ಇವನೇ.

ವಿರೋಧಿಗಳು ಏನಂತಿದ್ರು? ಬರೀ ಬೈಬಲ್ ತೋರಿಸ್ತಿದ್ರಾ?

ಬೈಬಲ್ ಇತ್ತು. ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ ಅನ್ನುವ ಪೌಲನ ಮಾತನ್ನು ಎತ್ತದವರಿಲ್ಲ. ಅರಿಸ್ಟಾಟಲ್ ಕಡೆಯಿಂದ ಬಂದ ದೇಹಶಾಸ್ತ್ರವೂ ಇತ್ತು: ಹೆಣ್ಣಿನ ದೇಹ ತಂಪು, ಹಾಗಾಗಿ ಬುದ್ಧಿ ಮಂದ. ಹೊಸ ವಿಜ್ಞಾನ ಬಂದಾಗ ಅದೇ ಮಾತಿಗೆ ಹೊಸ ಅಂಗಿ ತೊಡಿಸಿದರು. 1674ರಲ್ಲಿ ಮಾಲ್‌ಬ್ರಾಂಷ್, ಹೆಂಗಸರ ಮಿದುಳಿನ ಎಳೆಗಳು ತುಂಬಾ ನಾಜೂಕು, ಗಹನವಾದ ಸತ್ಯ ಅವಕ್ಕೆ ದಕ್ಕುವುದಿಲ್ಲ ಎಂದು ಬರೆದ. ಈತ ಡೆಕಾರ್ಟ್‌ನ ಅನುಯಾಯಿ ಅನ್ನುವುದು ಗಮನದಲ್ಲಿರಲಿ. ಗುರುವಿನಿಂದ ಪೂಲ್ಯಾಂ ಒಂದು ಕಲಿತ, ಈತ ಇನ್ನೊಂದು ಕಲಿತ.

ಇಂಥದ್ದಕ್ಕೆ ಉತ್ತರವನ್ನು ಗುರ್ನೇ 1622ರಲ್ಲೇ ಕೊಟ್ಟುಬಿಟ್ಟಿದ್ದಳು. ಕಿಟಕಿಯ ಮೇಲೆ ಕೂತ ಗಂಡುಬೆಕ್ಕಿಗೆ ಹೆಣ್ಣುಬೆಕ್ಕಿಗಿಂತ ಹೆಚ್ಚು ಹೋಲುವ ವಸ್ತು ಇನ್ನೊಂದಿಲ್ಲ ಎಂದಳು.

ರಾಜಕುಮಾರಿ ಎಲಿಜಬೆತ್ ಡೆಕಾರ್ಟ್‌ಗೆ ಪ್ರಶ್ನೆ ಹಾಕಿ ಸುಸ್ತು ಮಾಡಿದಳು ಅಂತಾರೆ, ನಿಜಾನಾ?

ನಿಜ. ಬೊಹೀಮಿಯಾದ ಎಲಿಜಬೆತ್, ರಾಜ್ಯ ಕಳೆದುಕೊಂಡು ಹೇಗ್ ನಗರದಲ್ಲಿ ಆಶ್ರಯ ಪಡೆದಿದ್ದ ಮನೆತನದವಳು. 1643ರ ಮೇ ತಿಂಗಳಲ್ಲಿ, 24ನೇ ವಯಸ್ಸಿನಲ್ಲಿ, ಆತನಿಗೆ ಒಂದೇ ಪ್ರಶ್ನೆ ಬರೆದಳು: ಆತ್ಮ ಬರೀ ಯೋಚಿಸುವ ವಸ್ತು, ಅದಕ್ಕೆ ಉದ್ದಗಲ ಇಲ್ಲ ಅನ್ನುತ್ತೀರಿ. ಹಾಗಿದ್ದರೆ ಅದು ದೇಹವನ್ನು ಅಲ್ಲಾಡಿಸುವುದು ಹೇಗೆ? ಒಂದು ವಸ್ತುವನ್ನು ತಳ್ಳಬೇಕಾದರೆ ಮುಟ್ಟಬೇಕಲ್ಲ? ಡೆಕಾರ್ಟ್ ಒಂದು ಉತ್ತರ ಬರೆದ. ಆಕೆ ಒಪ್ಪಲಿಲ್ಲ. ಇನ್ನೊಂದು ಬರೆದ, ಆಗಲೂ ಒಪ್ಪಲಿಲ್ಲ. ಇವತ್ತಿಗೂ ಆ ಪ್ರಶ್ನೆ ಬಗೆಹರಿದಿಲ್ಲ.

ಓದಿನ ವಿಷಯಕ್ಕೆ ಬೇಕಾದದ್ದು ಇದೇ ಪತ್ರಗಳಲ್ಲಿ ಪಕ್ಕದಲ್ಲಿ ಬಿದ್ದಿದೆ. ಮನೆತನದ ಕೆಲಸ, ತಪ್ಪಿಸಿಕೊಳ್ಳಲಾಗದ ಮಾತುಕತೆ, ಬಂದುಹೋಗುವವರು, ಇವುಗಳ ನಡುವೆ ತಲೆ ಬೇರೆ ಯಾವುದಕ್ಕೂ ಬಾರದ ಹಾಗಾಗುತ್ತದೆ ಎಂದು ಆಕೆ ಬರೆಯುತ್ತಾಳೆ. ಡೆಕಾರ್ಟ್ ಸಮಾಧಾನ ಹೇಳುತ್ತಾನೆ: ನಾನೂ ಶುದ್ಧ ಚಿಂತನೆಗೆ ವರ್ಷಕ್ಕೆ ಕೆಲವೇ ಗಂಟೆ ಕೊಡುವುದು, ಉಳಿದ ಹೊತ್ತು ವಿಶ್ರಾಂತಿ. ವಿಶ್ರಾಂತಿಯಂತೆ! ಅವಳಿಗೆ ಸಿಗದೆ ಇದ್ದದ್ದು ಅದೇ ಅಲ್ವಾ?

"ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಜಾಸ್ತಿ ಬರೆಯುತ್ತಿದ್ದ" ಅಂದಿದ್ದು ಯಾರು? ತಮಾಷೆಗಾ?

ಮೆಕ್ಸಿಕೊ ನಗರದ ಸನ್ಯಾಸಿನಿ ಸೋರ್ ಹುವಾನಾ. ಅರ್ಧ ತಮಾಷೆ.

ಆಕೆ ಚಿಕ್ಕವಳಿದ್ದಾಗ ಗಂಡುವೇಷ ಹಾಕಿ ವಿಶ್ವವಿದ್ಯಾಲಯಕ್ಕೆ ಕಳಿಸು ಎಂದು ಅಮ್ಮನನ್ನು ಕಾಡಿದವಳು. ಲ್ಯಾಟಿನ್ ಕಲಿಯುವಾಗ ಜಡೆ ಕತ್ತರಿಸಿಕೊಳ್ಳುತ್ತಿದ್ದಳು. ಕೂದಲು ಮತ್ತೆ ಬೆಳೆಯುವುದರೊಳಗೆ ಗೊತ್ತುಮಾಡಿಕೊಂಡ ಪಾಠ ಬರದಿದ್ದರೆ ಇನ್ನೊಂದು ಸಲ ಕತ್ತರಿ. ಏನೂ ತಿಳಿಯದ ತಲೆಗೆ ಅಲಂಕಾರ ಯಾಕೆ ಅನ್ನುವುದು ಅವಳ ಲೆಕ್ಕ. ಮದುವೆ ಬೇಡ, ಪುಸ್ತಕ ಬೇಕು. ಹಾಗಾಗಿ ಮಠ ಸೇರಿದಳು. 1690ರಲ್ಲಿ ಪ್ವೆಬ್ಲಾದ ಬಿಷಪ್ ಅವಳದೊಂದು ವಿಮರ್ಶೆಯನ್ನು ಅಚ್ಚು ಹಾಕಿಸಿ, ಜೊತೆಗೆ ಸನ್ಯಾಸಿನಿಯ ಸುಳ್ಳು ಹೆಸರಿನಲ್ಲಿ "ಲೌಕಿಕ ಓದು ಕಡಿಮೆ ಮಾಡಮ್ಮ" ಅನ್ನುವ ಧಾಟಿಯ ಬುದ್ಧಿಮಾತೂ ಸೇರಿಸಿದ. 1691ರಲ್ಲಿ ಆಕೆ ಬರೆದ ಉದ್ದನೆಯ ಉತ್ತರದಲ್ಲಿ ಈ ಅಡುಗೆಮನೆ ಬರುತ್ತದೆ.

ಒಮ್ಮೆ ಮಠದ ಹಿರಿಯಳೊಬ್ಬಳು ಓದಬಾರದು ಎಂದು ಅಪ್ಪಣೆ ಮಾಡಿದ್ದಳು. ಸುಮಾರು ಮೂರು ತಿಂಗಳು ಪುಸ್ತಕ ಮುಟ್ಟಲಿಲ್ಲ. ಆದರೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತದಾ? ಮಕ್ಕಳು ಬುಗುರಿ ಆಡುತ್ತಿದ್ದರೆ ನೆಲಕ್ಕೆ ಹಿಟ್ಟು ಉದುರಿಸಿ, ಅದು ಬಿಡುವ ಗೆರೆ ವೃತ್ತವೋ ಸುರುಳಿಯೋ ಎಂದು ನೋಡಿದಳು. ಮೊಟ್ಟೆ ಎಣ್ಣೆಯಲ್ಲಿ, ಬೆಣ್ಣೆಯಲ್ಲಿ ಒಂದಾಗಿ ಕೂಡಿಕೊಳ್ಳುತ್ತದೆ, ಸಕ್ಕರೆ ಪಾಕದಲ್ಲಿ ಚೂರಾಗುತ್ತದೆ ಎಂದು ಬರೆದಳು. ಪಾಕ ಗಟ್ಟಿಕಟ್ಟದಿರಲು ಹುಳಿಹಣ್ಣು ಹಾಕಿದ ಒಂಚೂರು ನೀರು ಸಾಕು ಎಂದೂ ಬರೆದಳು. ಜಾಮೂನಿನ ಪಾಕಕ್ಕೆ ನಿಂಬೆರಸ ಹಿಂಡುವ ನಮ್ಮ ಅಮ್ಮಂದಿರಿಗೆ ಇದೇನೂ ಹೊಸದಲ್ಲ. ಆದರೆ ಅದನ್ನು ಜ್ಞಾನದ ಲೆಕ್ಕಕ್ಕೆ ಬರೆದಿಟ್ಟವರು ಎಷ್ಟು ಜನ?

ಕೆಲವೇ ವರ್ಷದಲ್ಲಿ ಆಕೆ ತನ್ನ ಪುಸ್ತಕಗಳನ್ನು ಬಿಟ್ಟುಕೊಟ್ಟಳು. 1695ರಲ್ಲಿ ಸಾಂಕ್ರಾಮಿಕ ರೋಗ ಬಂದಾಗ ಮಠದ ರೋಗಿಗಳ ಆರೈಕೆ ಮಾಡುತ್ತಾ ತೀರಿಕೊಂಡಳು.

ಇವರೆಲ್ಲ ಯಾಕೆ ಇಷ್ಟು ಹೆದರಿ ಹೆದರಿ ಕೇಳಿದ್ದು? ನೇರವಾಗಿ ಕೇಳಬಹುದಿತ್ತಲ್ಲ?

ಇದಕ್ಕೆ ಲಂಡನ್ ಹತ್ತಿರ ಶಾಲೆ ನಡೆಸುತ್ತಿದ್ದ ಬಾತ್‌ಶುವಾ ಮೇಕಿನ್ 1673ರಲ್ಲೇ ಉತ್ತರ ಕೊಟ್ಟಿದ್ದಾಳೆ: ಜಾಸ್ತಿ ಕೇಳಿದರೆ ಏನೂ ಸಿಗುವುದಿಲ್ಲ. ಗಂಡಸರಿಗೆ ಸಮ ಮಾಡಿ ಎಂದು ನಾನು ಕೇಳುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತಾಳೆ. ಅದೂ ಗಂಡಸೊಬ್ಬ ಬರೆದ ಹಾಗೆ ಬರೆದಳು. ವರ್ಷಕ್ಕೆ 20 ಪೌಂಡ್ ಶುಲ್ಕ. ಅರ್ಧ ಹೊತ್ತು ನೃತ್ಯ, ಸಂಗೀತ, ಲೆಕ್ಕ. ಇನ್ನರ್ಧ ಲ್ಯಾಟಿನ್, ಫ್ರೆಂಚ್. ಅಪ್ಪಂದಿರ ಕಣ್ಣಿಗೆ ನೃತ್ಯ ಬೀಳಲಿ, ಲ್ಯಾಟಿನ್ ಹಿಂದಿನಿಂದ ಬರಲಿ. ಅಂಗಡಿ ನಡೆಸುವವರ ಜಾಣತನ ಇದು. ನನಗಂತೂ ಇದರಲ್ಲಿ ಹೇಡಿತನ ಕಾಣುವುದಿಲ್ಲ.

## ಮದುವೆ, ಮಠ, ಕಾನೂನು

ಮೇರಿ ಆಸ್ಟೆಲ್ ಹೇಳಿದ ಹೆಂಗಸರ ವಿದ್ಯಾಮಠ ಕಟ್ಟಿದ್ರಾ?

ಇಲ್ಲ. ನ್ಯೂಕಾಸಲ್‌ನ ಕಲ್ಲಿದ್ದಲು ವ್ಯಾಪಾರಿಯ ಮಗಳು ಆಸ್ಟೆಲ್. ಹನ್ನೆರಡಕ್ಕೆ ಅಪ್ಪ ಹೋದ, ವರದಕ್ಷಿಣೆಗೆ ದುಡ್ಡಿಲ್ಲ. ಲಂಡನ್ನಿಗೆ ಬಂದು ಚೆಲ್ಸಿಯಲ್ಲಿ ಒಂಟಿಯಾಗಿ ಬದುಕಿದಳು. ಮದುವೆ ಬೇಡದವರು, ಇನ್ನೂ ಆಗದವರು ಸೇರಿ ಓದುತ್ತಾ ಬದುಕುವ ಒಂದು ಮನೆ ಬೇಕು ಎಂದು 1694ರಲ್ಲಿ ಬರೆದಳು. ಪ್ರೊಟೆಸ್ಟೆಂಟ್ ಇಂಗ್ಲೆಂಡಿಗೆ ಅದರಲ್ಲಿ ಕ್ಯಾಥೊಲಿಕ್ ಮಠದ ವಾಸನೆ ಬಡಿಯಿತು. 1697ರಲ್ಲಿ ಲೇಖಕ ಡೀಫೋ ತಾನೂ ಹೆಂಗಸರ ವಿದ್ಯಾಸಂಸ್ಥೆ ಬೇಕು ಎಂದ, ಆದರೆ ಇವಳ ಹಾಗೆ ಮಠ ಬೇಡ ಎಂದ. ಅದೇ ವರ್ಷ ಆಸ್ಟೆಲ್ ಎರಡನೇ ಭಾಗ ತಂದಳು: ಕಟ್ಟಡ ಸಿಗದಿದ್ದರೆ ಮನೆಯಲ್ಲೇ ಕೂತು ಸರಿಯಾಗಿ ಯೋಚಿಸುವುದನ್ನು ಕಲಿಯಿರಿ, ದಾರಿ ಹೀಗಿದೆ ಎಂದು. 1709ರಲ್ಲಿ ಚೆಲ್ಸಿಯಲ್ಲಿ ಬಡ ಹೆಣ್ಣುಮಕ್ಕಳಿಗೆ ದಾನದ ಹಣದಿಂದ ನಡೆಯುವ ಶಾಲೆಯೊಂದು ಶುರುವಾಯಿತು, ಅದರ ಹಿಂದೆ ಅವಳಿದ್ದಳು.

"ಗಂಡಸರೆಲ್ಲ ಸ್ವತಂತ್ರರಾಗಿ ಹುಟ್ಟಿದರೆ, ಹೆಂಗಸರೆಲ್ಲ ಗುಲಾಮರಾಗಿ ಹುಟ್ಟಿದ್ದು ಹೇಗೆ?" ಅಂದವಳೂ ಇವಳೇ ಅಲ್ವಾ? ಹಾಗಾದ್ರೆ ಸ್ತ್ರೀವಾದಿ ಅನ್ನಬಹುದಲ್ಲ?

ಅವಳೇ. ಮದುವೆಯ ಬಗ್ಗೆ 1700ರಲ್ಲಿ ಬರೆದ ಪುಸ್ತಕದ 1706ರ ಮುದ್ರಣದ ಮುನ್ನುಡಿಯಲ್ಲಿ ಈ ಮಾತಿದೆ. ಆದರೆ ಸ್ವಲ್ಪ ತಡೆಯಿರಿ. ಆಸ್ಟೆಲ್ ರಾಜಭಕ್ತೆ, ಚರ್ಚಿನ ಕಟ್ಟಾ ಪಕ್ಷಪಾತಿ. ರಾಜನ ವಿರುದ್ಧ ದಂಗೆ ಏಳುವ ಹಕ್ಕು ಪ್ರಜೆಗಿಲ್ಲ ಅನ್ನುವವಳು. ದೇಶದಲ್ಲಿ ನಿರಂಕುಶ ಅಧಿಕಾರ ಕೂಡದು ಎಂದು ಕೂಗಿ, ಮನೆಗೆ ಬಂದು ಹೆಂಡತಿಯ ಮೇಲೆ ಅದನ್ನೇ ನಡೆಸುವವರನ್ನು ಆಕೆ ಚುಚ್ಚುತ್ತಿದ್ದಾಳೆ. ಎದುರಾಳಿಯ ಕೋಲು ಕಿತ್ತುಕೊಂಡು ಅವನಿಗೇ ಬಾರಿಸುವ ವರಸೆ.

ಮದುವೆಯ ಕಾನೂನು ಆಗ ಹೇಗಿತ್ತು ಅಂದರೆ, ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ಕಾನೂನಿನ ಕಣ್ಣಲ್ಲಿ ಬೇರೆ ಅಸ್ತಿತ್ವವೇ ಇಲ್ಲ. ಅವಳ ಒಡವೆ, ದುಡ್ಡು ಗಂಡನದು. ಒಪ್ಪಂದ ಅವನ ಹೆಸರಲ್ಲಿ. ಇದು ಅಲ್ಲಾಡಲು 1870, 1882ರ ಕಾಯಿದೆಗಳು ಬರಬೇಕಾಯಿತು. ಆಸ್ಟೆಲ್ ಈ ಪುಸ್ತಕ ಬರೆಯಲು ಪ್ರೇರಣೆ ಅವಳ ಚೆಲ್ಸಿಯಲ್ಲೇ ಇದ್ದ ಡಚೆಸ್ ಮಾಜರಾಂ, ಗಂಡನ ಕಾಟ ತಾಳದೆ ಓಡಿಬಂದಿದ್ದವಳು. ಹಾಗಿದ್ದೂ ಆಸ್ಟೆಲ್ ಕಾನೂನು ಬದಲಿಸಿ ಅನ್ನಲಿಲ್ಲ. ಮದುವೆಯಾದ ಮೇಲೆ ವಿಧೇಯಳಾಗಿರು, ಅದು ಆಗದಿದ್ದರೆ ಮದುವೆಯೇ ಆಗಬೇಡ ಎಂದಳು. ಸ್ತ್ರೀವಾದಿಯಾ ಸಂಪ್ರದಾಯಸ್ಥೆಯಾ ಅಂದರೆ ಎರಡೂ ಹೌದು. ಅವಳ ಪ್ರಶ್ನೆ ಅವಳ ಉತ್ತರಕ್ಕಿಂತ ದೂರ ಹೋಯಿತು.

ಒಂದೋ ಗಂಡನ ಮನೆ, ಇಲ್ಲಾಂದ್ರೆ ಮಠ. ಮೂರನೇ ದಾರಿ ಯಾರೂ ಹೇಳ್ಲಿಲ್ವಾ?

ಹೇಳಿದವಳು ಫ್ರಾನ್ಸಿನ ಗಾಬ್ರಿಯೆಲ್ ಸುಶೋ. ಒಂದು ಕಾಲಕ್ಕೆ ಸನ್ಯಾಸಿನಿಯಾಗಿದ್ದು ಹೊರಬಂದವಳು. 1693ರಲ್ಲಿ ಆಕೆ ಬರೆದ ದೊಡ್ಡ ಗ್ರಂಥಕ್ಕೆ ಮೂರು ಭಾಗ: ಸ್ವಾತಂತ್ರ್ಯ, ಜ್ಞಾನ, ಅಧಿಕಾರ. ಹೆಂಗಸರಿಗೆ ಈ ಮೂರೂ ಇಲ್ಲ, ಒಂದಿಲ್ಲದಿದ್ದರೆ ಇನ್ನೊಂದು ನಿಲ್ಲುವುದಿಲ್ಲ ಅನ್ನುವುದು ವಾದ. ಓದು ಮಾತ್ರ ಸಾಕು ಅನ್ನುವವರಿಗೆ ಇಲ್ಲಿ ತಡೆ ಬೀಳುತ್ತದೆ. ಬಾಗಿಲು ದಾಟಲು ಅನುಮತಿ ಬೇಕಾದವಳು ಎಷ್ಟು ಓದಿ ಏನು? 1700ರ ಪುಸ್ತಕದಲ್ಲಿ, ಗಂಡನಿಗೂ ಮಠಕ್ಕೂ ಮಾತು ಕೊಡದೆ ತನ್ನಿಷ್ಟದಿಂದ ಒಂಟಿಯಾಗಿರುವ ಬದುಕನ್ನು ಸಮರ್ಥಿಸಿದಳು.

ಮಠದ ಇನ್ನೊಂದು ಮುಖ ವೆನಿಸ್‌ನಲ್ಲಿ ಕಾಣುತ್ತದೆ. ಅಲ್ಲಿ ವರದಕ್ಷಿಣೆ ಏರುತ್ತಾ ಹೋಯಿತು. ಮಠಕ್ಕೂ ಕಾಣಿಕೆ ಕೊಡಬೇಕು, ಆದರೆ ಅದು ಅಗ್ಗ. ಹಾಗಾಗಿ ಒಬ್ಬ ಮಗಳಿಗೆ ಮದುವೆ, ಉಳಿದವರಿಗೆ ಮುಸುಕು. ಹಾಗೆ ಮಠ ಸೇರಿದ ಅರ್ಕಾಂಜೆಲಾ ತರಬೊಟ್ಟಿ, ಅಪ್ಪಂದಿರ ದಬ್ಬಾಳಿಕೆಯ ಮೇಲೆ ಉರಿಯುವ ಪುಸ್ತಕ ಬರೆದಳು. ಅಚ್ಚಾಗಿದ್ದು ಅವಳು ಸತ್ತ ಮೇಲೆ, 1654ರಲ್ಲಿ. ಚರ್ಚ್ ಅದನ್ನು ನಿಷೇಧಿಸಿತು.

## ಜಗಳದ ಪ್ರಶ್ನೆಗಳು

ಲಾಕ್, ರೂಸೋ ಸ್ವಾತಂತ್ರ್ಯದ ಪರ ಇದ್ದವರು. ಅವರೂ ಕೈ ಬಿಟ್ರಾ?

ಲಾಕ್ ಅರ್ಧ. ಗೆಳತಿ ಮೇರಿ ಕ್ಲಾರ್ಕ್‌ಗೆ ಬರೆದ ಪತ್ರದಲ್ಲಿ, ಸತ್ಯ ಸದ್ಗುಣಗಳ ವಿಷಯದಲ್ಲಿ ಮನಸ್ಸಿಗೆ ಗಂಡು ಹೆಣ್ಣಿನ ಭೇದ ಕಾಣುವುದಿಲ್ಲ ಅನ್ನುತ್ತಾನೆ. ಆಳ್ವಿಕೆಯ ಬಗೆಗಿನ ಗ್ರಂಥಕ್ಕೆ ಬಂದಾಗ, ಗಂಡ ಹೆಂಡತಿಗೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಗಂಡಸಿನದು, ಯಾಕೆಂದರೆ ಆತ ಹೆಚ್ಚು ಸಮರ್ಥ, ಹೆಚ್ಚು ಬಲಶಾಲಿ ಅನ್ನುತ್ತಾನೆ. ಆತ ಕೊನೆಯ ವರ್ಷಗಳನ್ನು ಕಳೆದದ್ದು ಡಮರಿಸ್ ಮಾಷಮ್ ಮನೆಯಲ್ಲಿ. ಆಕೆಯೂ ತತ್ವಜ್ಞಾನಿ. 1705ರಲ್ಲಿ ಆಕೆ ಬರೆದ ಒಂದು ಮಾತು ನಮ್ಮ ಹಜಾರದಲ್ಲೇ ಕೇಳಿದ ಹಾಗಿದೆ: ಮಗಳು ಓದಿದವಳು ಎಂದು ಗೊತ್ತಾದರೆ ಗಂಡು ಸಿಗುವುದಿಲ್ಲ ಎಂದು ಅಪ್ಪ ಅಮ್ಮ ಹೆದರುತ್ತಾರೆ.

ರೂಸೋ ಪೂರ್ತಿ ಕೈ ಬಿಟ್ಟ. 1762ರ ಪುಸ್ತಕದಲ್ಲಿ ಹುಡುಗ ಎಮಿಲ್‌ಗೆ ಕಾಡು ಮೇಡು, ಸ್ವಂತ ಬುದ್ಧಿ. ಅವನಿಗೆಂದು ಬೆಳೆಸುವ ಸೋಫಿಗೆ ಗಂಡಸನ್ನು ಮೆಚ್ಚಿಸುವ, ಸಂತೈಸುವ ಕಲೆ.

ಹಾಗಾದ್ರೆ ಇಂಗ್ಲೆಂಡಿನ ಲೇಖಕಿ ವುಲ್‌ಸ್ಟನ್‌ಕ್ರಾಫ್ಟ್ ಹೊಸದಾಗಿ ಹೇಳಿದ್ದೇನು? ಎಲ್ಲ ಹಿಂದಿನವರೇ ಹೇಳಿದ್ರಲ್ಲ.

ಬುದ್ಧಿ ಸಮ ಅನ್ನುವುದು ಹಳೆಯ ಮಾತೇ. ಹುಡುಗ ಹುಡುಗಿಯರಿಗೆ ಒಂದೇ ಶಿಕ್ಷಣ ಅನ್ನುವುದನ್ನು ಕ್ಯಾಥರೀನ್ ಮೆಕಾಲೆ 1790ರಲ್ಲಿ ಬರೆದಿದ್ದಳು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅದನ್ನು ವಿಮರ್ಶೆ ಮಾಡಿದ್ದಳು. 1792ರಲ್ಲಿ ಆಕೆ ಮಾಡಿದ್ದು, ಓದಿನ ಪ್ರಶ್ನೆಯನ್ನು ಸರ್ಕಾರದ ಮೇಜಿನ ಮೇಲೆ ಇಟ್ಟದ್ದು. ಫ್ರಾನ್ಸಿನ ರಾಷ್ಟ್ರೀಯ ಶಿಕ್ಷಣದ ಯೋಜನೆ ಮಂಡಿಸಿದ ಟಾಲೆರಾಂಗೇ ಪುಸ್ತಕ ಅರ್ಪಿಸಿ, ನಿಮ್ಮ ಹೊಸ ಸಂವಿಧಾನದಲ್ಲಿ ನಾವೆಲ್ಲಿ ಎಂದು ಕೇಳಿದಳು. ಸರ್ಕಾರ ನಡೆಸುವ ಹಗಲು ಶಾಲೆ. ಒಂಬತ್ತು ವರ್ಷದವರೆಗೆ ಗಂಡು ಹೆಣ್ಣು, ಬಡವ ಬಲ್ಲಿದ ಎಲ್ಲ ಒಟ್ಟಿಗೆ. ಹೆಂಗಸರು ವೈದ್ಯರಾಗಲಿ, ವ್ಯಾಪಾರ ಮಾಡಲಿ, ತಮ್ಮ ಅನ್ನ ತಾವು ದುಡಿಯಲಿ.

ಇನ್ನೊಂದು ಸೂಕ್ಷ್ಮವೂ ಇದೆ. ಹೆಂಗಸರು ಕುಟಿಲ, ಚಂಚಲ ಅನ್ನುವ ದೂರನ್ನು ಆಕೆ ಪೂರ್ತಿ ಅಲ್ಲಗಳೆಯುವುದಿಲ್ಲ. ಇನ್ನೊಬ್ಬರ ಕೈ ಕೆಳಗೆ ಇದ್ದವರು ಯಾರೇ ಆದರೂ ಹಾಗೇ ಆಗುತ್ತಾರೆ ಅನ್ನುತ್ತಾಳೆ. ಗಂಡಸರ ಮೇಲೆ ಅಧಿಕಾರ ಬೇಡ, ತಮ್ಮ ಮೇಲೆ ತಮಗೆ ಅಧಿಕಾರ ಬೇಕು ಎಂದಳು. 1797ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ಮರುವರ್ಷ ಗಂಡ ಗಾಡ್ವಿನ್ ಪ್ರೀತಿಯಿಂದಲೇ ಅವಳ ಜೀವನ ಬರೆದ, ಹಳೆಯ ಸಂಬಂಧಗಳನ್ನೂ ಮುಚ್ಚಿಡದೆ. ಜನ ಪುಸ್ತಕ ಬಿಟ್ಟು ನಡತೆ ಹಿಡಿದುಕೊಂಡರು. ಎಷ್ಟೋ ದಶಕ ಅವಳ ಹೆಸರು ಹೇಳಲು ಮುಜುಗರಪಟ್ಟರು.

ಎಲ್ಲ ಉಳ್ಳವರ ಮನೆಯವರೇ. ಬಟ್ಟೆ ಒಗೆಯೋರ, ಹೊಲದಲ್ಲಿ ದುಡಿಯೋರ ಮಾತು ಎಲ್ಲಿ?

ಸರಿಯಾದ ಆಕ್ಷೇಪ. ಸ್ಖೂರ್ಮನ್ 1641ರಲ್ಲಿ ಬರೆದ ಪ್ರಬಂಧ ಶರತ್ತುಗಳಿಂದಲೇ ಶುರುವಾಗುತ್ತದೆ: ಬುದ್ಧಿ ಇರಬೇಕು, ದುಡ್ಡಿರಬೇಕು, ಮನೆಗೆಲಸದಿಂದ ಬಿಡುವು ಇರಬೇಕು. ಆಸ್ಟೆಲ್ ತನ್ನ ವಿದ್ಯಾಮಠಕ್ಕೆ 500 ಪೌಂಡ್ ಹೆಚ್ಚೇನಲ್ಲ ಎಂದಳು. ಆ ಬಿಡುವನ್ನು ಹುಟ್ಟಿಸಿದ್ದು ಇನ್ನೊಬ್ಬ ಹೆಂಗಸಿನ ಕೈ. ಮದುವೆಯನ್ನು ಗುಲಾಮಗಿರಿಗೆ ಹೋಲಿಸುತ್ತಿದ್ದ ಅದೇ ಕಾಲಕ್ಕೆ ಇಂಗ್ಲೆಂಡಿನ ಹಡಗುಗಳು ಆಫ್ರಿಕಾದ ಜನರನ್ನು ನಿಜವಾಗಿಯೂ ಮಾರುತ್ತಿದ್ದವು ಅನ್ನುವುದನ್ನೂ ಮರೆಯಬಾರದು.

ಒಂದು ದನಿ ಮಾತ್ರ ಕೇಳುತ್ತದೆ. ಮೇರಿ ಕಾಲಿಯರ್, ಬಟ್ಟೆ ಒಗೆಯುವ ಕೆಲಸದವಳು. ಹೊಲದ ಕೂಲಿಯಾಗಿದ್ದ ಕವಿ ಸ್ಟೀಫನ್ ಡಕ್ ಹೆಂಗಸರ ಕೆಲಸವನ್ನು ಹಗುರ ಮಾಡಿ ಬರೆದಿದ್ದ. 1739ರಲ್ಲಿ ಇವಳು ಪದ್ಯದಲ್ಲೇ ಜವಾಬು ಕೊಟ್ಟಳು: ನೀವು ಹೊಲದಿಂದ ಬಂದು ಮಲಗುತ್ತೀರಿ, ನಮಗೆ ಮನೆಗೆ ಬಂದ ಮೇಲೆ ಇನ್ನೊಂದು ದಿನದ ಕೆಲಸ ಕಾದಿರುತ್ತದೆ.

ಅದೇ ಹೊತ್ತಿಗೆ ನಮ್ಮ ಕಡೆ ಯಾರೂ ಇರ್ಲಿಲ್ವಾ?

ಕೊಡುಕೊಳ್ಳುವಿಕೆ ಏನೂ ಇರಲಿಲ್ಲ, ಆದರೆ ಕಾಲ ಕೂಡಿಬರುತ್ತದೆ. ಪೂಲ್ಯಾಂ ಪುಸ್ತಕ ಬಂದ 1673ರಲ್ಲೇ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದರು. ಅವರ ಅರಮನೆಯಲ್ಲಿ ಎಲೆಅಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ "ಹದಿಬದೆಯ ಧರ್ಮ" ಬರೆದಳು. "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಅಲ್ಲಿನ ಸಾಲೇ. ಆದರೆ ಪುಸ್ತಕದ ಮುಖ್ಯ ವಸ್ತು ಪತಿವ್ರತೆಯ ನಡತೆ. ಎರಡನ್ನೂ ಒಟ್ಟಿಗೇ ಓದಬೇಕು. ಮೇಕಿನ್ ಕೂಡ ಹೀಗೇ ಬರೆದವಳಲ್ವಾ?

ಓದೋಕೆ ಶುರು ಮಾಡೋದಾದ್ರೆ ಯಾರಿಂದ?

ವುಲ್‌ಸ್ಟನ್‌ಕ್ರಾಫ್ಟ್‌ನಿಂದ ಬೇಡ. ಅವಳ ವಾಕ್ಯಗಳು ಉದ್ದ, ಕೋಪ ಜಾಸ್ತಿ, ಹೊಸಬರು ಅರ್ಧಕ್ಕೆ ಬಿಡುತ್ತಾರೆ. ವಾದ ಇಷ್ಟವಾದರೆ ಪೂಲ್ಯಾಂ. ಆಸ್ಟೆಲ್‌ಳ 1706ರ ಮುನ್ನುಡಿಯನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ನಾನಾದರೆ ಎಲಿಜಬೆತ್‌ಳ ಪತ್ರಗಳನ್ನು ಕೈಗೆ ಕೊಡುತ್ತೇನೆ. ರಾತ್ರಿಗೆ ಒಂದೊಂದೇ ಓದಿ. ಒಂದು ಕಡೆ ಬಿಡದ ಸಣ್ಣ ಜ್ವರ, ಒಣಕೆಮ್ಮು. ಇನ್ನೊಂದು ಕಡೆ ತಮ್ಮ ಕ್ಯಾಥೊಲಿಕ್ ಆಗಿಬಿಟ್ಟ ಅನ್ನುವ ಸಂಕಟ. ಇವೆಲ್ಲದರ ನಡುವೆ ಆತ್ಮ, ದೇಹ, ಮತ್ತು "ನಿಮ್ಮ ಉತ್ತರ ನನಗೆ ಇನ್ನೂ ಅರ್ಥವಾಗಿಲ್ಲ" ಅನ್ನುವ ಧಾಟಿ. ಡೆಕಾರ್ಟ್‌ನ ಉತ್ತರಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.